ಹಲ್ಲಿನಿಂದ ಹಾಕಿದ ಗಂಟು

ಫರಸಿ ಕಲ್ಲಿನ ವ್ಯಾಪಾರದಲ್ಲಿ ಹೆಸರಾದವರೂ, ನಮ್ಮ ನಾದಶಿವ ಸಂಗೀತ ಪಾಠಶಾಲೆಯ ಅಧ್ಯಕ್ಷರೂ, ಇಂದಿನ ಸಭೆಯ ಅಧ್ಯಕ್ಷರೂ ಆದ ಸೂರ್ಯಕಾಂತ ಅವರೇ, ನನಗೆ ತಬಲಾ ಕಲಿಸಿದ ಗುರುಬಸವ ಮಾಸ್ತರರೇ, ಮುಂದಿನ ಸಾಲಿನಲ್ಲಿ ಕುಳಿತಿರುವ, ಪಾಠಶಾಲೆಯ ಖಜಾಂಚಿಗಳೂ ನನ್ನ ತಂದೆಯೂ ಆದ ವೀರಪ್ಪನವರೇ, ಜಹೀರಾಬಾದಿನಿಂದ, ಕಂಗ್ಟಿಯಿಂದ ಬೆಳಗಿನ ಬಸ್ಸು ಹಿಡಿದು ಈ ತಾಂಡೂರಿಗೆ ಬಂದಿರುವ ಪಾಲಕರೇ, ಈಗಾಗಲೇ ತಬಲಾದ ಮುಂದೆ ಕುಳಿತಿರುವ ಸ್ವರೂಪಾ, ಉಳಿದ ವಿದ್ಯಾರ್ಥಿಗಳೇ, ಸಂಗೀತಕ್ಕೆಂದು ಬಂದವರೇ, ಪ್ರಸಾದಕ್ಕೆಂದು ಬಂದವರೇ, ಸಭಿಕರೇ.

ನಾನು ಶಿವಕಾಂತಾ. ನಾರಾಯಣಖೇಡದ ಶಾಲೆಯೊಂದರಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ನಿರೂಪಕರು ನನ್ನನ್ನು ಪರಿಚಯಿಸುವಾಗ ‘ಸಂಗೀತಕ್ಕಾಗಿ ತಮ್ಮ ಹಸ್ತವನ್ನೇ ಅರ್ಪಿಸಿದ ತ್ಯಾಗಮಯಿ’ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಸಣ್ಣ ತಿದ್ದುಪಡಿ ಇದೆ. ನಾನು ಏನನ್ನೂ ಅರ್ಪಿಸಲಿಲ್ಲ. ನನ್ನ ಕೈ ಹೋಯಿತು. ಸಂತೆಯಲ್ಲಿ ಕಿಸೆಗಳ್ಳನಿಗೆ ದುಡ್ಡು ಕಳೆದುಕೊಂಡು ಬಂದವನನ್ನು ನೀವು ಮಹಾದಾನಿ ಎಂದು ಕರೆದು ಶಾಲು ಹೊದಿಸುತ್ತೀರಾ? ನನಗೆ ಹೊದಿಸಿದ್ದೀರಿ. ಶಾಲು ಚೆನ್ನಾಗಿದೆ, ಆದರೆ ಸೆಕೆ. ತೆಗೆದು ಕುರ್ಚಿಯ ಮೇಲೆ ಇಟ್ಟಿದ್ದೇನೆ, ಅಧ್ಯಕ್ಷರು ತಪ್ಪು ತಿಳಿಯಬಾರದು.

ಇಂದು ನನಗೆ ಎರಡು ಕೆಲಸ ಒಪ್ಪಿಸಿದ್ದೀರಿ. ಮೊದಲನೆಯದು ಈ ಉಪನ್ಯಾಸ. ವಿಷಯವನ್ನು ಆಮಂತ್ರಣ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ: ‘ಸಂಗೀತ ವಿದ್ಯಾರ್ಥಿಗಳಲ್ಲಿ ಸ್ನಾಯು ಸೆಳೆತ ಮತ್ತು ಗಾಯ ತಡೆಯುವ ಬಗೆ’. ಹೋದ ವರ್ಷ ಒಂದಿಬ್ಬರು ತಾಯಂದಿರು ಮಕ್ಕಳ ಕೈನೋವಿನ ಬಗ್ಗೆ ಕೇಳಿದರಂತೆ. ಅವರ ಸಮಾಧಾನಕ್ಕೆ ಒಂದು ಭಾಷಣ. ಎರಡನೆಯ ಕೆಲಸ, ಭಾಷಣ ಮುಗಿದ ಮೇಲೆ ಸ್ವರೂಪಾಳ ಬಲಗೈಗೆ ನಾನು ಕಂಕಣ ಕಟ್ಟಬೇಕು. ಕಟ್ಟಿದ ಕೂಡಲೇ ಅಖಂಡ ಶುರು. ಮೊದಲು ಬೆಂಕಿಯ ಬಗ್ಗೆ ಎಚ್ಚರಿಕೆ, ಆಮೇಲೆ ಅದೇ ಕೈಯಿಂದ ಕಡ್ಡಿ ಗೀರುವುದು. ಕಾರ್ಯಕ್ರಮ ಹೆಣೆದವರ ಜಾಣತನ ದೊಡ್ಡದು.

ಅಖಂಡ ಎಂದರೆ ಏನೆಂದು ಹೊಸಬರಿಗೆ ಹೇಳಿಬಿಡುತ್ತೇನೆ. ಶ್ರಾವಣದ ಸೋಮವಾರ ಇಲ್ಲಿ ಬೆಳಗಿನಿಂದ ಸೂರ್ಯ ಮುಳುಗುವವರೆಗೆ ಶಿವನಾಮ ನಡೆಯುತ್ತದೆ. ಹಾಡುವವರು ಪಾಳಿಯ ಮೇಲೆ ಬದಲಾಗುತ್ತಾರೆ. ಹಾಡಿದವರು ಎದ್ದು ಹೋಗಿ ಚಹಾ ಕುಡಿದು, ಬಯಲಿಗೆ ಹೋಗಿ, ಒಂದು ನಿದ್ದೆ ತೆಗೆದು ಬರುತ್ತಾರೆ. ತಬಲಾದವರು ಮಾತ್ರ ಬದಲಾಗುವುದಿಲ್ಲ. ಕಂಕಣ ಎಂದರೆ ಅರಿಶಿನದ ಕೊಂಬು ಕಟ್ಟಿದ ದಾರ. ಅದು ಮಣಿಕಟ್ಟಿನ ಮೇಲೆ ಇರುವವರೆಗೆ ತಬಲಾದ ಠೇಕಾ ನಿಲ್ಲುವಂತಿಲ್ಲ. ಊಟವಿಲ್ಲ. ನೀರಿಗೆ ಏಳುವಂತಿಲ್ಲ, ಹಾಗಾಗಿ ನೀರು ಕುಡಿಯುವಂತೆಯೂ ಇಲ್ಲ. ಇದಕ್ಕೆ ನಾವು ‘ಕೈ ಒಪ್ಪಿಸುವುದು’ ಎನ್ನುತ್ತೇವೆ. ಇದು ಪ್ರತಿ ವರ್ಷ ಆಗುವುದಿಲ್ಲ, ಕೈ ತಯಾರಾದ ಶಿಷ್ಯರು ಸಿಕ್ಕಾಗ ಮಾತ್ರ. ಮೊದಲು ಅಮರ್ ಕೂತ. ಆಮೇಲೆ ಯಾಲಾಲಿನ ಸಂಗು. ಆಮೇಲೆ ನಾನು. ನನ್ನ ನಂತರ ಬಹಳ ವರ್ಷ ಯಾರೂ ಸಿಗಲಿಲ್ಲ. ಈಗ ಸ್ವರೂಪಾ ಸಿಕ್ಕಿದ್ದಾಳೆ.

ಹಿಂದೆ ಕೂತವರು ಮುಂದಿನವರಿಗೆ ಕಟ್ಟಬೇಕು, ಗಂಟನ್ನು ಹಲ್ಲಿನಿಂದ ಕಚ್ಚಿ ಬಿಗಿಯಬೇಕು ಎನ್ನುವುದು ನಮ್ಮ ಪಾಠಶಾಲೆಯ ಪದ್ಧತಿ. ಆಮಂತ್ರಣದಲ್ಲಿ ಇದಕ್ಕೆ ‘ದಂತಬಂಧ’ ಎಂದು ಹೆಸರಿಟ್ಟಿದ್ದೀರಿ. ಕೇಳಿದರೆ ಯಾವುದೋ ಪುರಾಣದಿಂದ ಬಂದಂತಿದೆ. ಹಲ್ಲಿನ ಡಾಕ್ಟರರ ಅಂಗಡಿಗೂ ಒಪ್ಪುತ್ತದೆ. ನಗಬಹುದು, ನಗುವುದಕ್ಕೆ ಇನ್ನೂ ಹೊತ್ತಿದೆ.

ಉಪನ್ಯಾಸಕ್ಕೆ ಬರುತ್ತೇನೆ. ಮಕ್ಕಳೇ, ಕೂತ ಕೂಡಲೇ ಜೋರಾಗಿ ಬಾರಿಸಬೇಡಿ. ಕೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ, ಬೆರಳು ಬಿಡಿಸಿ ಮಡಚಿ, ಆಮೇಲೆ ನಿಧಾನದ ಲಯದಲ್ಲಿ ಶುರು ಮಾಡಿ. ಮಣಿಕಟ್ಟು ಮುಂಗೈಗೆ ನೇರ ಇರಲಿ, ಮುರಿದ ಟೊಂಗೆಯ ಹಾಗೆ ಕೆಳಗೆ ಬೀಳಬಾರದು. ಹೆಗಲು ಕಿವಿಯ ಹತ್ತಿರ ಏರಿದ್ದರೆ ನೀವು ಕೂತದ್ದು ತಪ್ಪು, ತಬಲಾ ಎತ್ತರ ಇದೆ ಎಂದರ್ಥ. ಚಿಕ್ಕ ಕೈಗೆ ಚಿಕ್ಕ ತಬಲಾ ಕೊಡಿಸಿ ಎಂದು ಕೇಳಿರಿ, ಕೇಳುವುದಕ್ಕೆ ನಾಚಬೇಡಿ. ಅರ್ಧ ತಾಸು ಬಾರಿಸಿದರೆ ಕೆಳಗಿಟ್ಟು ಎದ್ದು ಓಡಾಡಿ. ಪರೀಕ್ಷೆ ಹತ್ತಿರ ಬಂತೆಂದು ಒಂದೇ ದಿನ ರಿಯಾಜು ದುಪ್ಪಟ್ಟು ಮಾಡಬೇಡಿ. ಜೋಳದ ಹೊಲಕ್ಕೆ ಮೂರು ತಿಂಗಳ ನೀರನ್ನು ಒಂದೇ ದಿನ ಬಿಡುವ ರೈತ ಇಲ್ಲಿ ಯಾರಾದರೂ ಇದ್ದಾರೆಯೇ?

ಇನ್ನೂ ಒಂದು ಮಾತು. ದಣಿವು ಬೇರೆ, ನೋವು ಬೇರೆ. ದಣಿವು ಒಂದು ನಿದ್ದೆಗೆ ಹೋಗುತ್ತದೆ. ಮರುದಿನವೂ ಉಳಿದದ್ದು, ಒಂದೇ ಜಾಗದಲ್ಲಿ ಚುಚ್ಚುವುದು, ಬಟ್ಟೆ ಹಿಂಡುವಾಗ ಎದ್ದು ಬರುವುದು ನೋವು. ನೋವು ಬಂದರೆ ನಿಲ್ಲಿಸಿ. ನೋವಿನ ಗೋಳಿ ನುಂಗಿ ಬಾರಿಸಬೇಡಿ. ಗೋಳಿ ನೋವನ್ನು ನಿಮ್ಮಿಂದ ಮುಚ್ಚಿಡುತ್ತದೆ, ಗಾಯವನ್ನು ಮಾಯಿಸುವುದಿಲ್ಲ. ಇಷ್ಟು ಮಾತು ನನಗೆ ಯಾರಾದರೂ ಆಗ ಹೇಳಿದ್ದರೆ ಇವತ್ತು ನಾನು ಈ ಮೈಕಿನ ಮುಂದೆ ಇರುತ್ತಿರಲಿಲ್ಲ, ಆ ತಬಲಾದ ಮುಂದೆ ಇರುತ್ತಿದ್ದೆ.

ಇನ್ನು ಕಲ್ಲಿನ ವಿಷಯ. ಬೇರೆ ಊರಿನವರು ನಂಬಲಿಕ್ಕಿಲ್ಲ. ನಮ್ಮ ಪಾಠಶಾಲೆಯಲ್ಲಿ ಸೇರಿದ ಕೂಡಲೇ ತಬಲಾ ಕೊಡುವುದಿಲ್ಲ, ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಡುತ್ತಾರೆ. ನಾವು ಮೊದಲು ‘ನಾ’ ಬಾರಿಸಿದ್ದು, ‘ತಿನ್’ ಬಾರಿಸಿದ್ದು, ನಮ್ಮ ಊರಿನ ಖಣಿಯಿಂದ ತೆಗೆದ ನುಣುಪು ಕಲ್ಲಿನ ಮೇಲೆ. ಊರಿನಲ್ಲಿ ಕಲ್ಲು ಬೇಕಾದಷ್ಟಿದೆ, ಹಾಗಾಗಿ ಅದರಿಂದಲೇ ವಿದ್ಯೆ ಬರಬೇಕೆಂದು ಹಿರಿಯರು ತೀರ್ಮಾನಿಸಿದರು. ಕರಾವಳಿಯಲ್ಲಿ ಹುಟ್ಟಿದ್ದರೆ ನಮ್ಮನ್ನು ಸಮುದ್ರದ ಮೇಲೆ ಬಾರಿಸಲು ಹೇಳುತ್ತಿದ್ದರೇನೋ. ಕಲ್ಲುಗಳನ್ನು ದಾನ ಕೊಟ್ಟವರು ಸೂರ್ಯಕಾಂತ ಅವರ ತಂದೆ. ಪ್ರತಿ ಕಲ್ಲಿನ ಮೂಲೆಯಲ್ಲೂ ತಮ್ಮ ಹೆಸರು ಕೆತ್ತಿಸಿದ್ದರು. ಬೆರಳಿಗೆ ಆ ಅಕ್ಷರಗಳು ತಾಗುತ್ತಿದ್ದವು. ಗುರುಗಳು ಹೇಳುತ್ತಿದ್ದರು, “ಕಲ್ಲಿನ ಮ್ಯಾಲ ಬಿದ್ದ ಕೈ ತೊಗಲಿನ ಮ್ಯಾಲ ಹಾರ್ತದ, ತಂಗಿ.” ಚರ್ಮ ಒಂದಿಷ್ಟು ಒಳಗೆ ಹೋಗಿ ಪೆಟ್ಟನ್ನು ತಾನು ತಿನ್ನುತ್ತದೆ. ಕಲ್ಲು ಏನನ್ನೂ ತಿನ್ನುವುದಿಲ್ಲ, ಬಂದದ್ದನ್ನೆಲ್ಲ ಬೆರಳಿಗೆ ವಾಪಸು ಕೊಡುತ್ತದೆ. ಪೆಟ್ಟು ಗೆಣ್ಣಿನಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ ಏರುತ್ತದೆ.

ಗುರುಗಳು ಕೆಟ್ಟವರಲ್ಲ. ಇದನ್ನು ಅವರ ಮುಂದೆಯೇ ಹೇಳುತ್ತೇನೆ. ಅವರೂ ಚಿಕ್ಕಂದಿನಲ್ಲಿ ಕಲ್ಲಿನ ಮೇಲೆ ಬಡಿದವರೇ. ಆಮೇಲೆ ಹಾಡುಗಾರಿಕೆಗೆ ಹೋದರು, ಕೈ ಉಳಿಯಿತು. ನನಗೆ ನೋವು ಬಂದಾಗ ಅವರ ಮುಂದೆ ಹೋಗಿ ಕೈ ಚಾಚಿದೆ. ಅವರು ಮಣಿಕಟ್ಟು ಹಿಡಿದು ಒತ್ತಿ ನೋಡಿದರು. ಕಿರಿಕಿರಿ ಎಂದು ಒಳಗೆ ಸದ್ದು. ಅವರ ಮುಖ ಅರಳಿತು. “ನೋವು ಆಗ್ಲಿಕ್ಕತ್ತದ ಅಂದ್ರ ಕೈ ತಯಾರ್ ಆಗ್ಲಿಕ್ಕತ್ತದ ಅಂತ ತಿಳಕೋ” ಎಂದರು. ಡಾಕ್ಟರರು ಯಾವುದನ್ನು ರೋಗದ ಲಕ್ಷಣ ಎನ್ನುತ್ತಾರೋ ಅದನ್ನು ನಾವು ವಿದ್ಯೆಯ ಲಕ್ಷಣ ಎಂದುಕೊಂಡೆವು. ನಾನು ಖುಷಿಯಿಂದ ಮನೆಗೆ ಹೋಗಿ ಅವ್ವನಿಗೆ ಕೈ ತೋರಿಸಿದೆ, ಪ್ರಗತಿಪತ್ರ ತೋರಿಸುವಂತೆ.

ನಾನು ಹುಡುಗಿ ಎನ್ನುವುದನ್ನೂ ಸೇರಿಸಿಕೊಳ್ಳಿ. ಈ ಊರಿನಲ್ಲಿ ಹುಡುಗ ಕೈ ನೋಯುತ್ತದೆ ಎಂದರೆ ಅದು ನೋವು. ಹುಡುಗಿ ಹೇಳಿದರೆ ಅದು ನೆಪ. ಹೆಣ್ಣುಮಗಳು ಹಾಡಲಿ, ಹಾರ್ಮೋನಿಯಂ ಮುಟ್ಟಲಿ, ತಬಲಾ ಯಾಕೆ ಎಂದು ಕೇಳಿದವರು ಇವತ್ತು ಈ ಸಭೆಯಲ್ಲೂ ಇದ್ದಾರೆ, ಹೆಸರು ಬೇಡ. ಅವರ ಬಾಯಿ ಮುಚ್ಚಿಸಬೇಕೆಂದು ನಾನು ನನ್ನ ಬಾಯಿ ಮುಚ್ಚಿಕೊಂಡೆ. ನನ್ನ ತಂದೆಗಂತೂ ಹೆಮ್ಮೆಯೋ ಹೆಮ್ಮೆ. ತೊಗರಿ ದಲ್ಲಾಳಿ ವ್ಯಾಪಾರದ ತಮ್ಮ ಅಡತ್ ಅಂಗಡಿಗೆ ಬಂದವರಿಗೆಲ್ಲ ತಕ್ಕಡಿ ನಿಲ್ಲಿಸಿ ಹೇಳುತ್ತಿದ್ದರು, “ನಮ್ಮ ಶಿವಕಾಂತಾ ಅಖಂಡಕ್ಕ ಕೂಡ್ತಾಳ್ರೀ. ಗಂಡಮಕ್ಕಳು ಕೂತಿದ್ದು ನೋಡೀರಿ, ಇನ್ನ ನನ್ನ ಮಗಳು ಕೂಡೂದು ನೋಡ್ರಿ.”

ಅಖಂಡಕ್ಕೆ ಕೆಲವು ದಿನ ಇರುವಾಗ ಬೆರಳು ಬೆಳಿಗ್ಗೆ ತಾವಾಗಿ ಬಿಚ್ಚುತ್ತಿರಲಿಲ್ಲ. ಎಡಗೈಯಿಂದ ಒಂದೊಂದನ್ನೇ ಬಿಡಿಸಬೇಕಿತ್ತು. ಅವ್ವ ಹಟ ಹಿಡಿದಳು, ಅಪ್ಪ ನನ್ನನ್ನು ಜಹೀರಾಬಾದಿಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ಎಲುಬಿನ ಡಾಕ್ಟರರು ನೋಡಿದರು. ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಅಪ್ಪನ ಜೊತೆ ಮಾತಾಡಿದರು. ಅಪ್ಪ ಹೊರಗೆ ಬಂದು, “ಏನೂ ಇಲ್ಲಂತಂದಾನವ್ವಾ. ಗೋಳಿ ಕೊಟ್ಟಾನ, ನುಂಗಿ ಬಾರ್ಸು” ಎಂದರು. ಬಸ್ ಸ್ಟ್ಯಾಂಡಿನಲ್ಲಿ ನನಗೆ ಕಬ್ಬಿನ ಹಾಲು ಕೊಡಿಸಿದರು. ನನ್ನ ಗ್ಲಾಸನ್ನು ತಾವೇ ಹಿಡಿದು ಕುಡಿಸಿದರು.

ಇದನ್ನು ಇಲ್ಲಿಗೆ ನಿಲ್ಲಿಸಬೇಕೆಂದುಕೊಂಡೇ ಬಂದಿದ್ದೆ. ಡಾಕ್ಟರರೂ ತಪ್ಪು ಮಾಡುತ್ತಾರೆ, ಎರಡು ಕಡೆ ತೋರಿಸಿರಿ ಎಂದು ಪಾಲಕರಿಗೆ ಒಂದು ಸಲಹೆ ಕೊಟ್ಟು ಮುಂದೆ ಹೋಗಬೇಕೆಂದಿದ್ದೆ. ಆಗುತ್ತಿಲ್ಲ. ಆ ಡಾಕ್ಟರರು ತಪ್ಪು ಮಾಡಿರಲಿಲ್ಲ. ಅವರು ಹೇಳಿದ್ದು ಇಷ್ಟು: “ಹಾತ್ ಕೂ ಆರಾಮ್ ದೇವ್ ಸೇಟ್‌ಜೀ. ಅಬ್ ಬಜಾಯೀ ತೋ ಹಾತ್ ಜಾತಾ ದೇಖೋ.” ಕೈಗೆ ವಿಶ್ರಾಂತಿ ಕೊಡಿ, ಈಗ ಬಾರಿಸಿದರೆ ಕೈ ಹೋಗುತ್ತದೆ. ಇದನ್ನು ಕೇಳಿಸಿಕೊಂಡವರು ಒಬ್ಬರೇ. ಮುಂದಿನ ಸಾಲಿನಲ್ಲಿ ಕೂತಿದ್ದಾರೆ.

ಅಪ್ಪಾ, ತಲೆ ತಗ್ಗಿಸಬೇಡಿರಿ. ನಾನು ಬೈಯುತ್ತಿಲ್ಲ, ಭಾಷಣ ಮಾಡುತ್ತಿದ್ದೇನೆ.

ಅಖಂಡದ ದಿನ ಬೆಳಿಗ್ಗೆ ಅಪ್ಪ ಹಾಲಿನಲ್ಲಿ ಗೋಳಿ ಅರೆದು ಕೊಟ್ಟರು. ಕುಡಿದೆ. ಮಧ್ಯಾಹ್ನದವರೆಗೆ ಕೈ ನನ್ನದಲ್ಲ ಎನ್ನುವಷ್ಟು ಹಗುರ. ಬಿಸಿಲು ಇಳಿಯುವ ಹೊತ್ತಿಗೆ ಮುಂಗೈಯ ಒಳಗೆ ಏನೋ ಹರಿದ ಹಾಗಾಯಿತು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಕೆಳಗೆ ಬಿದ್ದವು, ಮತ್ತೆ ಏಳಲಿಲ್ಲ. ನಾನು ಉಳಿದ ಬೆರಳುಗಳಿಂದ ಬಾರಿಸುತ್ತಲೇ ಹೋದೆ, ಕಣ್ಣೀರು ಸುರಿಯುತ್ತಿತ್ತು. ನಿಮ್ಮಲ್ಲಿ ಹಲವರು ಆ ದಿನ ಇದ್ದಿರಿ. ನೀವೂ ಅತ್ತಿರಿ. ಭಕ್ತಿಗೆ ಅಳುತ್ತಿದ್ದೀರಿ ಎಂದು ನೀವು ತಿಳಿದಿರಿ, ನಾನೂ ಭಕ್ತಿಗೆ ಅಳುತ್ತಿದ್ದೇನೆ ಎಂದು ತಿಳಿದಿರಿ. ಸೂರ್ಯ ಮುಳುಗಿದ. ಕಂಕಣ ಬಿಚ್ಚಿ ಗುರುಗಳಿಗೆ ಕೈ ತೋರಿಸಿದೆ. ಅವರು ಆ ಬೆರಳುಗಳನ್ನು ಎತ್ತಿ ನೋಡಿದರು, ಬಿಟ್ಟರೆ ಬಿದ್ದವು. ಗುರುಗಳು ಅತ್ತುಬಿಟ್ಟರು. ಅಳುತ್ತಲೇ ಹೇಳಿದರು, “ಶಿವಗ ಮುಟ್ಟೀತು ಬಿಡವ್ವಾ.”

ಶಿವನಿಗೆ ಎರಡು ಬೆರಳು ಯಾತಕ್ಕೆ ಬೇಕಿತ್ತು? ಇದನ್ನು ನಾನು ಬಹಳ ವರ್ಷ ಕೇಳಿಕೊಂಡಿದ್ದೇನೆ. ಅವನು ಕೇಳಿರಲಿಲ್ಲ ಎಂದೇ ನನಗೆ ಈಗ ಅನಿಸುತ್ತದೆ. ಕೇಳಿದವರು ನೀವು, ಹೆಸರು ಅವನದು.

ಹೈದರಾಬಾದಿನಲ್ಲಿ ಆಪರೇಷನ್ ಆಯಿತು, ತಡವಾಗಿತ್ತು. ಮದುವೆಯೂ ಆಯಿತು. ನಾರಾಯಣಖೇಡದ ನಮ್ಮತ್ತೆ ಮೊದಲ ವಾರವೇ ಓಣಿಯಲ್ಲಿ ಹೇಳಿಕೊಂಡು ಬಂದರು, “ತಬಲಾ ಬಡೀತಿದ್ಳಂತ. ರೊಟ್ಟಿ ಬಡಿ ಅಂದ್ರ ಕೈ ಇಲ್ಲಂತಾಳ.” ಇದು ಒಳ್ಳೆಯ ಮಾತು, ನನಗೂ ನಗು ಬಂತು. ಆದರೆ ಜೋಳದ ರೊಟ್ಟಿ ಬಡಿಯಲು ಬಾರದ ಸೊಸೆ ನಮ್ಮ ಕಡೆಯ ಮನೆಗಳಲ್ಲಿ ಎಷ್ಟು ದಿನ ನಗುತ್ತಾಳೆ? ಒಮ್ಮೆ ತವರಿಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಆ ತಟ್ಟುವ ಸದ್ದಿಗೆ ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದೆ, ಗೊತ್ತಿಲ್ಲದೆ. ಅವ್ವ ಹಿಟ್ಟಿನ ಕೈಯನ್ನು ಹಾಗೇ ನಿಲ್ಲಿಸಿದಳು. “ನಿಮ್ಮಪ್ಪಗ ಗೊತ್ತಿತ್ತವ್ವಾ” ಎಂದಳು. “ಡಾಕ್ಟರ್ ಬ್ಯಾಡಂದಿದ್ದ. ಕಾರ್ಡ್ ಹಂಚಿ ಆಗ್ಯಾವ, ಮಂದಿಗಿ ಏನ್ ಹೇಳ್ಲಿ ಅಂದ್ರು ನನಗ.” ಅವ್ವ ಈಗ ಇಲ್ಲ. ಅಪ್ಪನ ಬಾಯಿಂದ ಕೇಳಿದ ಡಾಕ್ಟರರ ಆ ಉರ್ದು ಮಾತನ್ನು ಅಕ್ಷರ ಬಿಡದೆ ನನಗೆ ಒಪ್ಪಿಸಿ ಹೋದವಳು ಅವಳೇ.

ನಿರೂಪಕರು ಚೀಟಿ ಕಳುಹಿಸಿದ್ದಾರೆ, ಸಮಯ ಮುಗಿಯಿತಂತೆ. ಮುಗಿಯಲಿ. ಸ್ವರೂಪಾ ತಬಲಾದ ಮುಂದೆ ಕೂತಿದ್ದಾಳೆ, ಕಂಕಣ ಕಟ್ಟದೆ ಬಾರಿಸುವಂತಿಲ್ಲ. ಸೂರ್ಯನಂತೂ ನನ್ನ ಭಾಷಣಕ್ಕೆ ಕಾಯುವುದಿಲ್ಲ, ತನ್ನ ಹೊತ್ತಿಗೆ ಮುಳುಗುತ್ತಾನೆ. ಅಂದಮೇಲೆ ನಾನು ಇಲ್ಲಿ ಎಷ್ಟು ಹೊತ್ತು ಮಾತಾಡುತ್ತೇನೋ ಅಷ್ಟು ಹೊತ್ತು ಆ ಕೈಗೆ ವಿಶ್ರಾಂತಿ. ನನ್ನ ಉಪನ್ಯಾಸದಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಭಾಗ ಇದೊಂದೇ. ಅದಕ್ಕೇ ಎಳೆಯುತ್ತಿದ್ದೇನೆ. ನಿಮಗೆ ಬೇಸರವಾದರೆ ನೀವು ಎದ್ದು ಚಹಾ ಕುಡಿದು ಬರಬಹುದು, ನಿಮ್ಮ ಕೈಗೆ ಯಾರೂ ಏನೂ ಕಟ್ಟಿಲ್ಲ.

ಆ ಹಲ್ಲಿನ ಗಂಟಿನ ವಿಷಯ ಹೇಳುತ್ತೇನೆ. ನನಗೆ ಕಟ್ಟಿದವನು ಸಂಗು. ದಾರ ಸುತ್ತಿ, ಬಗ್ಗಿ, ಗಂಟಿನ ಒಂದು ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆದ. ಅವನಿಗೆ ಅಮರ್ ಹಾಗೇ ಕಟ್ಟಿದ್ದನಂತೆ. ಅಮರ್ ಹಾಗೆ ಮಾಡಿದ ದಿನ ಗುರುಗಳು ಸಭೆಗೆ, “ನೋಡ್ರಿ, ಭಕ್ತಿ ಅಂದ್ರ ಇದು” ಎಂದಿದ್ದರು. ಎರಡನೆಯ ಸಲ ಸಂಗು ಮಾಡಿದಾಗ ಅದು ಪದ್ಧತಿಯಾಯಿತು. ಈಗ ಮೂರನೆಯ ಸಲಕ್ಕೆ ಸಂಸ್ಕೃತದ ಹೆಸರೂ ಬಂದಿದೆ.

ಕೆಲವು ವರ್ಷಗಳ ಹಿಂದೆ ಜಹೀರಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಸಂಗು ಸಿಕ್ಕಿದ. ಯಾಲಾಲಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಚಹಾ ಹೇಳಿದ. ಗ್ಲಾಸನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕುಡಿದ, ಮಕ್ಕಳು ಕುಡಿಯುವ ಹಾಗೆ. ನಾನು ಎಡಗೈಯಲ್ಲಿ ಹಿಡಿದಿದ್ದೆ. ಒಬ್ಬರ ಕೈಯನ್ನು ಒಬ್ಬರು ನೋಡಿದೆವು. ಆಮೇಲೆ ನಾನೇ ಕೇಳಿದೆ, “ಸಂಗಣ್ಣ, ಅವತ್ತ ನನಗ ಹಲ್ಲಿಲೆ ಯಾಕ ಕಟ್ಟಿದಿ?” ಅವನು ಹೇಳಿದ, “ಬೆರಳಾಗ ದಾರ ಹಿಡೀಲಿಕ್ಕೇ ಬರ್ಲಿಲ್ಲ ತಂಗಿ. ಮಂದಿ ನೋಡ್ಲಿಕ್ಕತ್ತಿದ್ರು. ಅಮರಣ್ಣ ನನಗ ಹಲ್ಲಿಲೆ ಬಿಗಿದಿದ್ದು ನೆಪ್ಪಾತು. ನಾನೂ ಹಂಗೇ ಮಾಡ್ದೆ. ಯಾರಿಗೂ ತಿಳೀಲಿಲ್ಲ ನೋಡು.” ಅಮರ್ ಯಾಕೆ ಹಾಗೆ ಮಾಡಿದ ಎಂದು ಕೇಳಿದೆ. “ಆಂವಗೂ ಬೆರಳ ಹೋಗಿದ್ವು. ನನಗಷ್ಟ ಹೇಳಿದ್ದ” ಎಂದ.

ಸಭಿಕರೇ, ಅರ್ಥವಾಯಿತೇ? ನಮ್ಮ ಪಾಠಶಾಲೆಯಲ್ಲಿ ಕೈ ಒಪ್ಪಿಸಿದವರಿಗೆ ಒಂದು ದಾರದ ಗಂಟು ಹಾಕಲು ಬರುತ್ತಿರಲಿಲ್ಲ. ಆ ನಾಚಿಕೆ ಮುಚ್ಚಲು ಅವರು ಹಲ್ಲು ಹಚ್ಚಿದರು. ನೀವು ಅದನ್ನು ನೋಡಿದಿರಿ, ಕೈ ಮುಗಿದಿರಿ, ಫೋಟೋ ತೆಗೆಸಿದಿರಿ, ಸ್ಮರಣ ಸಂಚಿಕೆಯಲ್ಲಿ ಹಾಕಿದಿರಿ. ಇಷ್ಟು ಮಂದಿಯಲ್ಲಿ ಒಬ್ಬರಾದರೂ ಅಮರ್‌ನನ್ನು ‘ಯಾಕಪ್ಪಾ, ಕೈಗೆ ಏನಾಗಿದೆ?’ ಎಂದು ಕೇಳಿದ್ದರೆ ಸಂಗು ಉಳಿಯುತ್ತಿದ್ದ. ಸಂಗುವನ್ನು ಕೇಳಿದ್ದರೆ ನಾನು ಉಳಿಯುತ್ತಿದ್ದೆ. ಇವತ್ತಿನ ಸಭೆಗೆ ಇಬ್ಬರಿಗೂ ಆಮಂತ್ರಣ ಹೋಗಿದೆ, ಇಬ್ಬರೂ ಬಂದಿಲ್ಲ. ಬುದ್ಧಿವಂತರು.

ಹಾಗಾದರೆ ನೀನು ಯಾಕೆ ಬಂದೆ ಎಂದು ಕೇಳಬಹುದು. ಸ್ವರೂಪಾಳಿಗೆ ಬಂದೆ. ಅವಳ ತಂದೆ ವಿಠೋಬಾ ಫರಸಿ ಪಾಲಿಶ್ ಮಾಡುವ ಮಷಿನ್ ಮೇಲೆ ಕೆಲಸ ಮಾಡುತ್ತಾರೆ, ತಾಯಿ ಭೂದೇವಿ ಕೂಲಿಗೆ ಹೋಗುತ್ತಾರೆ. ಇಬ್ಬರೂ ಅಲ್ಲಿ ಬಾಗಿಲ ಹತ್ತಿರ ನಿಂತಿದ್ದಾರೆ. ಯಾರಾದರೂ ಅವರಿಗೆ ಕುರ್ಚಿ ಕೊಡಿರಿ, ಮಗಳ ಕೈ ತೆಗೆದುಕೊಳ್ಳುವವರು ಒಂದು ಕುರ್ಚಿಯನ್ನಾದರೂ ಕೊಡಬೇಕು. ಅವರ ಓಣಿಯಿಂದ ಈ ಪಾಠಶಾಲೆಯ ಹೊಸ್ತಿಲು ದಾಟಿದ ಮೊದಲ ಹುಡುಗಿ ಸ್ವರೂಪಾ. ಆ ಓಣಿಯವರು ಈ ವೇದಿಕೆಯ ಮೇಲೆ ಕೂರಲು ಯಾಕೆ ಇಷ್ಟು ವರ್ಷ ಹಿಡಿಯಿತು ಎಂದು ಹೇಳಿ ನಿಮ್ಮ ಪ್ರಸಾದದ ರುಚಿ ಕೆಡಿಸುವುದಿಲ್ಲ. ನಿಮಗೆ ಗೊತ್ತಿದೆ.

ಇವತ್ತು ಬೆಳಿಗ್ಗೆ ಒಳಗಿನ ಕೋಣೆಯಲ್ಲಿ ಅವಳು ತಬಲಾ ಶ್ರುತಿ ಮಾಡಿಕೊಂಡು ಸ್ವಲ್ಪ ಬಾರಿಸಿದಳು. ಬಾಗಿಲ ಹೊರಗೆ ನಿಂತು ಕೇಳಿದೆ. ಅಬ್ಬಾ, ಏನು ಕೈ! ನನ್ನ ಒಳ್ಳೆಯ ದಿನಗಳಲ್ಲೂ ಆ ಸ್ವಚ್ಛತೆ ನನಗೆ ಬಂದಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಎಲ್ಲಾದರೂ ತಪ್ಪಲಿ ಎಂದು ಕಾದೆ. ತಪ್ಪಲಿಲ್ಲ. ಈಗ ನೀವು ಹೇಳುತ್ತೀರಿ, ಇವಳಿಗ್ಯಾಕೆ ಈ ಭಾಷಣ, ಹೊಟ್ಟೆಕಿಚ್ಚು ಅಷ್ಟೇ ಎಂದು. ಹೌದು, ಹೊಟ್ಟೆಕಿಚ್ಚೇ. ಆ ಕೈ ನನ್ನದಾಗಿರಬೇಕಿತ್ತು ಎಂದು ಹೊಟ್ಟೆ ಉರಿಯುವವಳಿಗೆ ಮಾತ್ರ ಅದು ಎಷ್ಟು ಬೆಲೆಯದೆಂದು ಗೊತ್ತು. ನಿಮಗೆ ಗೊತ್ತಿಲ್ಲ, ಅದಕ್ಕೇ ನೀವು ಇಷ್ಟು ಆರಾಮಾಗಿ ಕೂತಿದ್ದೀರಿ.

ಒಳಗೆ ಹೋದೆ. ಮಣಿಕಟ್ಟಿನ ತುಂಬ ಅರಿಶಿನ. ಪೂಜೆಗೆ ಹಚ್ಚಿದ್ದು ಎಂದುಕೊಂಡೆ. ಮುಟ್ಟಿದೆ. ಕಾದ ಹಂಚಿನ ಹಾಗೆ ಬಿಸಿ. ಬಾವು. ಬೆರಳು ಮಡಚು ಎಂದೆ. ಮಡಚಿದಳು, ಒಳಗೆ ಅದೇ ಕಿರಿಕಿರಿ. ಆ ಸದ್ದು ನನಗೆ ಗೊತ್ತು. “ಬ್ಯಾಡ ಸ್ವರೂಪಾ, ಇವತ್ತ ಕೂಡಬ್ಯಾಡ” ಎಂದೆ. ಅವಳು ಕೈ ಹಿಂದೆ ಎಳೆದುಕೊಂಡು ಹೇಳಿದ ಮಾತನ್ನು ಹಾಗೇ ಹೇಳುತ್ತೇನೆ. “ಅಕ್ಕೋರೇ, ನಾ ಏಳತೀನಂದ್ರ ಅದು ನನಗಷ್ಟ ಆಗಂಗಿಲ್ರಿ. ಅವ್ರ ಓಣಿಯವ್ರ ಕೈಲೆ ಆಗ್ಲಿಲ್ಲ ನೋಡ್ರಿ ಅಂತಾರ. ನನ್ನ ಹಿಂದ ಬರೋರಿಗಿ ಈ ಬಾಗ್ಲಾ ತೆರೆಯಂಗಿಲ್ಲ. ನೀವೇ ಕಟ್ಟರಿ. ನೀವಾದ್ರ ಸಡ್ಲ ಕಟ್ಟತೀರಿ.”

ಹದಿನಾರು ವರ್ಷದ ಹುಡುಗಿ. ಅವಳಿಗೆ ಎಲ್ಲಾ ಗೊತ್ತು. ನನಗಾದರೂ ಏನೂ ಗೊತ್ತಿರಲಿಲ್ಲ, ಅಪ್ಪ ಹೇಳಿದ್ದನ್ನು ನಂಬಿ ಕೂತೆ. ಇವಳು ಗೊತ್ತಿದ್ದೇ ಕೂರುತ್ತಿದ್ದಾಳೆ, ಯಾಕೆಂದರೆ ನೀವು ಬೇರೆ ದಾರಿಯನ್ನೇ ಇಟ್ಟಿಲ್ಲ. ಇದಕ್ಕೆ ನೀವು ಭಕ್ತಿ ಎಂದು ಹೆಸರಿಡುತ್ತೀರಿ. ಮುಂದೆ ಇವಳಿಗೂ ಒಂದು ಶಾಲು ಹೊದಿಸುತ್ತೀರಿ.

ಅಧ್ಯಕ್ಷರೇ, ನಾನು ದೊಡ್ಡದೇನೂ ಕೇಳುವುದಿಲ್ಲ. ಈಗ ಇಲ್ಲೇ ಎದ್ದು ಮೂರು ಮಾತು ಹೇಳಿರಿ. ಈ ಹುಡುಗಿ ಇವತ್ತು ಬಾರಿಸುವುದಿಲ್ಲ, ಅದು ಅವಳ ಸೋಲಲ್ಲ. ಬಾವು ಇಳಿದ ಮೇಲೆ ಇದೇ ವೇದಿಕೆಯಲ್ಲಿ ಒಂದು ತಾಸಿನ ಕಛೇರಿ ಅವಳಿಗೆ. ಅವಳ ಓಣಿಯಿಂದ ಯಾರು ಬಂದರೂ ಈ ಬಾಗಿಲು ತೆರೆದಿರುತ್ತದೆ. ಇಷ್ಟೇ. ಹೇಳುತ್ತೀರಾ? ನೀವು ಗುರುಗಳನ್ನು ನೋಡುತ್ತಿದ್ದೀರಿ. ಗುರುಗಳು ಸೂರ್ಯನನ್ನು ನೋಡುತ್ತಿದ್ದಾರೆ. ಆಗಲಿ.

ಸ್ವರೂಪಾ, ನೀನು ಕಟ್ಟರಿ ಅಂದಿ. ಸಡಿಲ ಕಟ್ಟಿದರೂ ಅದು ಕಟ್ಟಿದ್ದೇ ಅವ್ವಾ. ನಾನು ಕಟ್ಟುವುದಿಲ್ಲ.

ಆದರೆ ಒಬ್ಬಳು ಕಟ್ಟದಿದ್ದರೆ ಅಖಂಡ ನಿಲ್ಲುತ್ತದೆಯೇ? ಇಷ್ಟು ದೊಡ್ಡ ಸಭೆ. ಯಾರಾದರೂ ಬನ್ನಿ. ತಟ್ಟೆ ಮೆಟ್ಟಿಲ ಹತ್ತಿರದ ಮೇಜಿನ ಮೇಲೆ ಇದೆ, ಕಂಕಣ ಅದರಲ್ಲಿದೆ. ಒಂದೇ ಷರತ್ತು. ಮೊದಲು ಈ ಮೈಕಿನ ಮುಂದೆ ನಿಂತು ಹೀಗೆ ಹೇಳಬೇಕು: ‘ನನ್ನ ಹೆಸರು ಇಂಥದ್ದು, ಈ ಕೈ ಬಾತಿದೆ ಎಂದು ನನಗೆ ಗೊತ್ತಿದೆ, ಗೊತ್ತಿದ್ದೇ ಕಟ್ಟುತ್ತಿದ್ದೇನೆ.’ ಮುಂದೆ ಈ ಹುಡುಗಿಗೆ ಗ್ಲಾಸು ಹಿಡಿಯಲು ಬಾರದ ದಿನ, ಶಿವನ ಹೆಸರು ಹೇಳುವುದು ಬೇಡ, ನಿಮ್ಮ ಹೆಸರು ಹೇಳಲಿ. ಯಾರು ಬರುತ್ತೀರಿ? ಪಾಲಕರು? ಸಮಿತಿಯವರು? ಅಂದು ನನ್ನನ್ನು ನೋಡಿ ಅತ್ತವರು?

ಅಪ್ಪಾ, ನೀವ್ಯಾಕ ಎದ್ರಿ?

ತಟ್ಟೆ ತೊಗೊಂಡ್ರಲ್ಲ. ಗೊತ್ತಿತ್ತು ನನಗ. ಮಂದಿ ಕೂತಾರ, ಕಾರ್ಡ್ ಹಂಚಿ ಆಗ್ಯಾವ. ಬರ್ರಿ, ಮೆಟ್ಟಿಲ ಎತ್ತರ ಅವ, ಸಾವಕಾಶ ಬರ್ರಿ. ಯಾರಾದರೂ ಅವರ ಕೈ ಹಿಡಿಯಿರಿ, ಎಪ್ಪತ್ತು ದಾಟಿದೆ. ಇಲ್ಲಿ, ಮೈಕಿನ ಹತ್ತಿರ. ನಿಮ್ಮ ಎತ್ತರಕ್ಕೆ ಇಳಿಸುತ್ತೇನೆ. ಹೇಳ್ರಿ ಅಪ್ಪಾ.

ಹೇಳ್ರಿ. ಹೆಸರಷ್ಟೇ. ತಾಂಡೂರಿನ ಇಡೀ ಅಡತ್ ಬಜಾರು ನಿಮ್ಮ ಹೆಸರು ಹೇಳಿದರೆ ಸಾಲ ಕೊಡುತ್ತದೆ. ಆ ಹೆಸರನ್ನೇ ಹೇಳಿರಿ. ಜಹೀರಾಬಾದಿನಲ್ಲಿ ನನ್ನ ಮುಂದೆ ಹೇಳದ ಮಾತನ್ನು ಇವಳ ಮುಂದೆಯಾದರೂ ಹೇಳಿರಿ.

ಸಭಿಕರೇ, ನನ್ನ ತಂದೆಯವರು ಮಾತಾಡುತ್ತಿಲ್ಲ. ಮೈಕ್ ಸರಿ ಇದೆ, ತಪ್ಪು ತಿಳಿಯಬೇಡಿ.

ಹೋಗ್ಲಿ ಬಿಡ್ರಿ ಅಪ್ಪಾ. ತಟ್ಟೆ ಕೆಳಗಿಡ್ರಿ. ಇಲ್ಲೇ ಕೂಡ್ರಿ, ಈ ಕುರ್ಚಿ ಮ್ಯಾಲ.

ಸ್ವರೂಪಾಳ ಕೈಗೆ ಇನ್ನೂ ಏನೂ ಕಟ್ಟಿಲ್ಲ. ಮುಂದೆ ಯಾರಾದರೂ ಬರುವುದಿದ್ದರೆ ಷರತ್ತು ಅದೇ, ನಾನು ಮೈಕ್ ಹಿಡಿದು ಇಲ್ಲೇ ಸೂರ್ಯ ಮುಳುಗುವವರೆಗೆ ನಿಂತಿರುತ್ತೇನೆ. ನನ್ನನ್ನು ಕರೆದ ಸಮಿತಿಗೆ ಧನ್ಯವಾದ, ಇನ್ನೊಮ್ಮೆ ಕರೆಯಲಿಕ್ಕಿಲ್ಲ. ಸ್ವರೂಪಾಳ ತಂದೆತಾಯಿಗೆ ಕುರ್ಚಿ ತಂದುಕೊಟ್ಟ ಆ ತಾಯಿಗೆ ಧನ್ಯವಾದ. ಇಷ್ಟು ಹೊತ್ತು ಸುಮ್ಮನೆ ಕೂತದ್ದಕ್ಕೆ ನಿಮಗೂ ಧನ್ಯವಾದ, ಸುಮ್ಮನೆ ಕೂರುವುದು ನಿಮಗೆ ಚೆನ್ನಾಗಿ ಬರುತ್ತದೆ. ಇನ್ನು ಕೈ ಜೋಡಿಸಬೇಕು. ಎಡಗೈ ನೆಟ್ಟಗೆ ಬರುತ್ತದೆ, ಬಲಗೈಯ ಎರಡು ಬೆರಳು ಬರುವುದಿಲ್ಲ. ಬಂದಷ್ಟರಲ್ಲೇ ಜೋಡಿಸಿದ್ದೇನೆ, ನೋಡಿಕೊಳ್ಳಿ.

ನಮಸ್ಕಾರ.